ಎರಡು ಫಿಲ್ಮು, ಒಂದರ ಮೇಲೊಂದು

ನಾನು ನಿವೃತ್ತಳಾಗಿ ಎರಡು ವರ್ಷ ದಾಟಿತು. ಈಗಲೂ ಸಂಜೆ ಐದು ಗಂಟೆ ಆಗುತ್ತಿದ್ದ ಹಾಗೆ ಕೈ ತಾನಾಗಿಯೇ ಚೀಲ ಹುಡುಕುತ್ತದೆ. ಹಾಸನದಿಂದ ಹೊಳೆನರಸೀಪುರಕ್ಕೆ ಮೂವತ್ತಮೂರು ವರ್ಷ ಅದೇ ಸಂಜೆಯ ರೈಲು ಹಿಡಿದ ಕೈ ಅದು. ಈಗ ನಾನು ಹೊಳೆನರಸೀಪುರದಲ್ಲೇ, ನನ್ನ ಮನೆಯ ಜಗುಲಿಯಲ್ಲೇ ಕೂತಿರುತ್ತೇನೆ ಎಂಬುದು ಅದಕ್ಕೆ ಇನ್ನೂ ಗೊತ್ತಾಗಿಲ್ಲ.

ಹಾಸನದ ಒಂದು ಪ್ರಯೋಗಾಲಯದಲ್ಲಿ ಹರಳುಗಳಿಗೆ ಕ್ಷ-ಕಿರಣ ಹಾಯಿಸುವ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಪ್ರಯೋಗಾಲಯದ ಹೆಸರು ಬೇಡ, ಅದಕ್ಕೆ ಈಗಿರುವ ತಾಪತ್ರಯವೇ ಸಾಕು. ಅಲ್ಲಿ ಈಗ ಉಸ್ತುವಾರಿಯಲ್ಲಿರುವ ಶ್ವೇತಾ, ನನ್ನ ಮಗಳ ವಯಸ್ಸಿನವಳು, ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗೆ ಏನಾದರೂ ಬರೆದುಕೊಡಿ ಮೇಡಂ ಎಂದು ಬೆನ್ನು ಹತ್ತಿದ್ದಳು. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂದೆಲ್ಲ ಬರೆಯಲು ನನಗೆ ತ್ರಾಣವಿಲ್ಲ. ಶಾಲು ಎರಡಿವೆ, ಎರಡೂ ಚುಚ್ಚುತ್ತವೆ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಬರೆಯುತ್ತೇನೆ, ಓದಿ ಬೇಸರವಾದರೆ ನನ್ನನ್ನು ಬಯ್ಯಬೇಡಿ.

ಕ್ಷ-ಕಿರಣ ಎಂದರೆ ಜನಕ್ಕೆ ಗೊತ್ತಿರುವುದು ಮೂಳೆ ಒಂದೇ. ರೈಲಿನಲ್ಲಿ ದಿನಾ ಜೊತೆಯಾಗುತ್ತಿದ್ದ ಸೊಪ್ಪು ಮಾರುವ ಹೆಂಗಸು ಒಂದು ದಿನ ಊದಿದ ಮಣಿಕಟ್ಟು ಚಾಚಿ, ‘ಅವ್ವಾ, ನಿನ್ ಮಿಷನ್ನಾಗೆ ಇದೊಂದ್ ನೋಡ್ಬುಡು’ ಎಂದಳು. ನಮ್ಮ ಮಿಷನ್ನು ನೋಡುವುದು ಸಾಸಿವೆಗಿಂತ ಚಿಕ್ಕ ಹರಳನ್ನು ಎಂದು ವಿವರಿಸಿದೆ. ಅವಳು ಬಹಳ ಹೊತ್ತು ಯೋಚಿಸಿ, ಅಷ್ಟಕ್ಕೆ ಸಂಬಳ ಕೊಡುತ್ತಾರಾ ಎಂದು ಕೇಳಿದಳು. ಮೂವತ್ತಮೂರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಅತ್ಯಂತ ನ್ಯಾಯವಾದ ಪ್ರಶ್ನೆ ಅದು.

ಕೆಲಸ ಕಲಿಸಿದವರು ನಮ್ಮ ಮೇಷ್ಟ್ರು. ದೊಡ್ಡ ಪ್ರೊಫೆಸರ್, ಆದರೆ ಎಲ್ಲರಿಗೂ ಮೇಷ್ಟ್ರೇ. ಚನ್ನರಾಯಪಟ್ಟಣದ ಕಡೆಯವರು, ತೆಂಗಿನ ತೋಟದ ಕುಳ. ನಾನು ಬರೀ ಬಿ.ಎಸ್ಸಿ. ಪುಸ್ತಕದಲ್ಲಿ ಸ್ಫಟಿಕ ಜಾಲಕ, ಏಕಕ ಕೋಶ ಎಂದು ಓದಿ ಬಾಯಿಪಾಠ ಮಾಡಿದ್ದೆನೇ ಹೊರತು ಒಂದಕ್ಷರ ಅರ್ಥವಾಗಿರಲಿಲ್ಲ. ಸೇರಿದ ತಿಂಗಳಲ್ಲೇ ಒಂದು ಭಾನುವಾರ ಅವರು ನನ್ನನ್ನು, ಇನ್ನಿಬ್ಬರನ್ನು ತೋಟಕ್ಕೆ ಕರೆದೊಯ್ದರು. ಊಟಕ್ಕೆ ಕರೆದಿದ್ದಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ತೋಟದ ಮೂಲೆಯಲ್ಲಿ ನಿಲ್ಲಿಸಿ, ಸಾಲು ಯಾವ ಕಡೆಗಿದೆ ಎಂದು ಕೇಳಿದರು. ನೇರವಾಗಿ ತೋರಿಸಿದೆ. ಎರಡು ಹೆಜ್ಜೆ ಪಕ್ಕಕ್ಕೆ ಎಳೆದು ಈಗ ಯಾವ ಕಡೆಗೆ ಎಂದರು. ಈಗ ಸಾಲು ಓರೆಯಾಗಿ, ಮೂಲೆಯಿಂದ ಮೂಲೆಗೆ ಓಡಿತ್ತು. ಇನ್ನೊಂದು ಹೆಜ್ಜೆಗೆ ಇನ್ನೊಂದು ಓರೆ ಸಾಲು.

‘ಮರ ಅಲ್ಲಾಡ್ನಿಲ್ಲ ಕಣಮ್ಮ,’ ಎಂದರು ಮೇಷ್ಟ್ರು. ‘ನೀನ್ ಅಲ್ಲಾಡ್ದೆ, ಅಷ್ಟೇಯ.’

ಆಮೇಲೆ ಕೋಲಿನಿಂದ ನೆಲದಲ್ಲಿ ಗೀರಿ ತೋರಿಸಿದರು. ಅಕ್ಕಪಕ್ಕದ ನಾಲ್ಕು ಮರ ಹಿಡಿದರೆ ಒಂದು ಪಟ್ಟೆ ಸಿಗುತ್ತದೆ, ಮೂವತ್ತಡಿಗೆ ಮೂವತ್ತಡಿ. ಅದನ್ನೇ ಮತ್ತೆ ಮತ್ತೆ ಇಟ್ಟರೆ ಇಡೀ ತೋಟ ತುಂಬುತ್ತದೆ. ಓರೆ ಸಾಲು ಹಿಡಿದವನಿಗೆ ಒಂದು ಪಕ್ಕ ಮೂವತ್ತಡಿ, ಇನ್ನೊಂದು ನಲವತ್ತೆರಡರ ಹತ್ತಿರ. ಅವನ ಪಟ್ಟೆ ವಾಲಿದ ಆಕಾರ, ಆದರೆ ಒಂದು ಮರಕ್ಕೆ ಸಿಗುವ ನೆಲ ಅಷ್ಟೇ. ಇನ್ನೊಬ್ಬ ನಲವತ್ತೆರಡಕ್ಕೆ ನಲವತ್ತೆರಡು ಹಿಡಿಯುತ್ತಾನೆ, ಅವನ ಪಟ್ಟೆಯ ನಡುವೆ ಒಂದು ಮರ ಸುಮ್ಮನೆ ಸಿಕ್ಕಿಬಿದ್ದಿರುತ್ತದೆ. ಮೂವರೂ ಅಳೆದದ್ದು ಒಂದೇ ತೋಟ. ಮೂವರೂ ಬರೆದುಕೊಂಡ ಅಂಕಿ ಬೇರೆ ಬೇರೆ. ಹರಳಿನ ಒಳಗೂ ಇದೇ ಕಥೆ, ಮರದ ಜಾಗದಲ್ಲಿ ಅಣುಗಳ ಗುಂಪು, ಪಟ್ಟೆಯ ಜಾಗದಲ್ಲಿ ಮೂರು ಕಡೆಗೂ ಅಳತೆಯಿರುವ ಒಂದು ಪೆಟ್ಟಿಗೆ. ಪುಸ್ತಕ ಅದನ್ನು ಏಕಕ ಕೋಶ ಎನ್ನುತ್ತದೆ, ನಾವು ಲ್ಯಾಬಿನಲ್ಲಿ ಸೆಲ್ ಎನ್ನುತ್ತಿದ್ದೆವು. ಎರಡು ಹರಳು ಒಂದೇ ಹೌದೋ ಅಲ್ಲವೋ ನೋಡಬೇಕಾದರೆ ಮೊದಲು ಎರಡರಲ್ಲೂ ಅತಿ ಚಿಕ್ಕ ಹೆಜ್ಜೆಗಳ ಸೆಲ್ ಹುಡುಕಬೇಕು, ಆಮೇಲೆ ಹೋಲಿಸಬೇಕು. ಇಷ್ಟನ್ನು ಹೇಳಿ ಮೇಷ್ಟ್ರು ಕೋಲು ಎಸೆದರು. ಊಟ ಹಾಕಿಸಿದರು ಅನ್ನಿ, ಆದರೆ ಮೂರು ಗಂಟೆಗೆ.

ಇಷ್ಟು ಚೆನ್ನಾಗಿ ಹೇಳಿಸಿಕೊಂಡವಳು ಐದೇ ವರ್ಷಕ್ಕೆ ಅದೇ ತಪ್ಪು ಮಾಡಿದೆ. ಒಬ್ಬ ವಿದ್ಯಾರ್ಥಿನಿಯ ಹರಳು ಬಂತು. ಆಗ ಕಂಪ್ಯೂಟರು ಇರಲಿಲ್ಲ, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಚುಕ್ಕೆಗಳ ನಡುವಿನ ದೂರವನ್ನು ಅಳತೆಪಟ್ಟಿ ಇಟ್ಟು ನೋಡಿ, ಲೆಕ್ಕ ಹಾಕಿ, ದಪ್ಪ ದಪ್ಪ ಪುಸ್ತಕಗಳಲ್ಲಿ ಹಳೆಯ ಹರಳುಗಳ ಪಟ್ಟಿಯ ಜೊತೆ ತಾಳೆ ನೋಡುವುದು. ನಾನು ನಡುವೆ ಮರ ಸಿಕ್ಕಿಬಿದ್ದ ದೊಡ್ಡ ಪಟ್ಟೆಯನ್ನೇ ಹಿಡಿದು ಕೂತಿದ್ದೆ. ಆ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ‘ಹೊಸದು ಸಾರ್’ ಎಂದೆ. ಮೇಷ್ಟ್ರು ಲ್ಯಾಬಿಗೆಲ್ಲ ಜಾಮೂನು ತರಿಸಿದರು. ಪ್ರಬಂಧ ಪತ್ರಿಕೆಗೆ ಹೋಯಿತು. ಎರಡು ತಿಂಗಳಿಗೆ ಪತ್ರಿಕೆಯವರ ಕಾಗದ ಬಂತು, ಇದು ಹಳೆಯ ಹರಳು, ದಯವಿಟ್ಟು ಚಿಕ್ಕ ಸೆಲ್ ಆರಿಸಿ ನೋಡಿ ಎಂದು.

ಮೇಷ್ಟ್ರು ಆ ಕಾಗದವನ್ನು ನಿಂತುಕೊಂಡೇ ಓದಿದರು. ನನ್ನನ್ನು ಬಯ್ಯಲಿಲ್ಲ. ‘ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬುಟ್ಟೆ ನಾನು’ ಎಂದು ತಮ್ಮನ್ನೇ ಅಂದುಕೊಂಡು ಒಳಗೆ ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ವಿದ್ಯಾರ್ಥಿನಿ ಹೇಗೋ ಬೇರೆ ಹರಳು ಬೆಳೆಸಿ ಪಾರಾದಳು, ಈಗ ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದಾಳೆ, ಅವಳ ಕಥೆ ಇಲ್ಲಿಗೆ ಸಾಕು.

ಆದರೆ ಮೇಷ್ಟ್ರು ಬದಲಾದರು. ಹೊಸದು ಎಂಬ ಮಾತು ಕೇಳಿದರೆ ಹಾವು ಕಚ್ಚಿದವನು ಹಗ್ಗಕ್ಕೆ ಹೆದರಿದ ಹಾಗೆ ಹೆದರುತ್ತಿದ್ದರು. ಯಂತ್ರದ ಮೇಲೆ ಒಂದು ರಟ್ಟು ನೇತುಹಾಕಿದರು. ಅದರಲ್ಲಿ ಅವರದೇ ದುಂಡು ಅಕ್ಷರ: ನೂರಕ್ಕೆ ಎರಡರ ಒಳಗೆ ಸೆಲ್ ಹೊಂದಿದರೆ ನಿಲ್ಲಿಸಿ. ಎಂದರೆ, ಹೊಸ ಹರಳಿನ ಪೆಟ್ಟಿಗೆಯ ಅಳತೆ ಗೊತ್ತಿರುವ ಹರಳಿನ ಅಳತೆಗೆ ಅಷ್ಟು ಹತ್ತಿರವಿದ್ದರೆ ಅದು ಹಳೆಯದೇ, ಮುಂದೆ ಅಳೆಯುವ ಗೋಜಿಗೆ ಹೋಗಬೇಡಿ ಎಂದು. ಈಗಿನ ಮಕ್ಕಳು ನಗಬಹುದು. ನಗಬೇಡಿ. ಆಗ ಒಂದು ಹರಳನ್ನು ಪೂರ್ತಿ ಅಳೆಯಲು ಐದಾರು ದಿನ ಬೇಕಿತ್ತು. ನಡುವೆ ಕರೆಂಟು ಹೋದರೆ ಮೊದಲಿಂದ. ಯಂತ್ರದೊಳಗೆ ಹರಿಯುವ ನೀರು ತಣ್ಣಗಿರದಿದ್ದರೆ ಕಿರಣ ಹೊಮ್ಮಿಸುವ ನಳಿಗೆ ಸುಡುತ್ತಿತ್ತು, ಹೊಸ ನಳಿಗೆ ಬರುವುದಕ್ಕೆ ವರ್ಷವಾಗುತ್ತಿತ್ತು. ಆ ರಟ್ಟು ಎಷ್ಟೋ ಸಲ ನಮ್ಮನ್ನು ಉಳಿಸಿದೆ. ನಾನೂ ಅದನ್ನು ನಂಬಿದೆ. ನಂಬುವುದು ಸುಲಭವಾಗಿತ್ತು, ಯೋಚಿಸುವ ಕೆಲಸ ಕಮ್ಮಿಯಾಗುತ್ತಿತ್ತು.

ಹಾಗಾಗಿ ನನ್ನ ಕೆಲಸದ ಬಹುಪಾಲು ‘ಹಳೆಯದು’ ಎಂದು ಬರೆಯುವುದೇ ಆಗಿತ್ತು. ಉದ್ದನೆಯ ದಾಖಲೆ ಪುಸ್ತಕ, ಒಂದು ಸಾಲಿಗೆ ಒಂದು ಹರಳು, ಕೊನೆಯ ಮನೆಯಲ್ಲಿ ಹಳೆಯದು ಅಥವಾ ಹೊಸದು, ಪಕ್ಕದಲ್ಲಿ ನನ್ನ ಸಹಿ. ಹರಳು ಬೆಳೆಯಲೆಂದು ತಿಂಗಳುಗಟ್ಟಲೆ ಸೀಸೆ ಕಾದು ಕೂತವರ ಮುಖಕ್ಕೆ ಆ ಒಂದು ಪದ ಹೇಳಬೇಕು. ಕೆಲವರು ಅಳುತ್ತಿದ್ದರು, ಕೆಲವರು ನನ್ನ ಮೇಲೆ ಸಿಟ್ಟಾಗುತ್ತಿದ್ದರು, ಹರಳನ್ನು ನಾನೇ ಹಳೆಯದು ಮಾಡಿದ ಹಾಗೆ. ನಾನು ಕಲ್ಲಾದೆ ಎನ್ನುವುದಿಲ್ಲ, ದಣಿದೆ. ದಣಿವಿನಲ್ಲಿ ಮನುಷ್ಯರು ಮಾಡುವ ತಪ್ಪು ದುಷ್ಟತನದಲ್ಲಿ ಮಾಡುವುದಕ್ಕಿಂತ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಈಗ ಮಂಜಯ್ಯನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದೇ ಇಲ್ಲಿಗೆ ಬರುವುದನ್ನು ಮುಂದೂಡುವುದಕ್ಕೆ.

ಮಂಜಯ್ಯ ಅರಕಲಗೂಡು ತಾಲ್ಲೂಕಿನವನು, ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣದ ಪಕ್ಕದ ಹಳ್ಳಿ. ಊರು ಹೇಳಿದ ಕೂಡಲೇ ಎಲ್ಲರೂ ಸಂಗೀತ ಬರುತ್ತದಾ ಎಂದು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಅವನ ಅಪ್ಪ ಅಮ್ಮ ಇಬ್ಬರೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಕೂಲಿ ಮಾಡಿದವರು. ಆ ಕೇರಿಯಿಂದ ಪಿಎಚ್.ಡಿ.ಗೆ ಬಂದವನು ಇವನೊಬ್ಬನೇ. ಮಾತು ಕಡಿಮೆ. ಫೆಲೋಶಿಪ್ಪು ಮುಗಿಯಲು ನಾಲ್ಕು ತಿಂಗಳು ಉಳಿದಿತ್ತು, ಅಷ್ಟರಲ್ಲಿ ಒಂದಾದರೂ ಹೊಸ ಹರಳು ಸಿಗದಿದ್ದರೆ ಪಿಎಚ್.ಡಿ. ಪ್ರಬಂಧ ಒಪ್ಪಿಗೆಯಾಗುವುದಿಲ್ಲ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಅವನು ಒಂದು ಗೊತ್ತಿರುವ ವಸ್ತುವನ್ನು ತೆಗೆದುಕೊಂಡು ಅದರಲ್ಲಿದ್ದ ಕ್ಲೋರಿನ್ ತೆಗೆದು ಆ ಜಾಗಕ್ಕೆ ಬೇರೆ ಪರಮಾಣುಗಳ ಗುಂಪು ಕೂರಿಸುವುದಕ್ಕೆ ಒದ್ದಾಡುತ್ತಿದ್ದ. ಹತ್ತಾರು ಸಲ ಬರೀ ಪುಡಿ ಬಂದಿತ್ತು. ಕೊನೆಗೊಂದು ದಿನ ಸೀಸೆಯ ತಳದಲ್ಲಿ ಐದು ಹರಳು ಬಂದವು. ಅಷ್ಟೇ, ಐದು. ಒಂದನ್ನು ಕರಗಿಸಿ ನೋಡಿದ, ಮೂಲ ವಸ್ತುವಿಗಿಂತ ಹನ್ನೆರಡು ಡಿಗ್ರಿ ಆಚೆಗೆ ಕರಗಿತು, ಎಂದರೆ ವಸ್ತುವೇ ಬೇರೆ ಎಂದು ಅವನ ಲೆಕ್ಕ. ಆ ದಿನ ಅವನು ಓಡಿಬಂದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಐದನೆಯ ಹರಳೇ ಚೆನ್ನಾಗಿತ್ತು. ಹಿತ್ತಾಳೆ ಪಿನ್ನಿನ ತುದಿಯ ಗಾಜಿನ ಎಳೆಗೆ ಅಂಟಿಸಿ, ಬೆಳಗ್ಗಿಂದ ಫಿಲ್ಮು ಇಟ್ಟೆ. ಆ ಹೊತ್ತಿಗೆ ಹೊಸ ಯಂತ್ರಗಳು ಬೇರೆ ಕಡೆ ಬಂದಿದ್ದವು, ನಮ್ಮಲ್ಲಿ ಇನ್ನೂ ಫಿಲ್ಮೇ. ಸಂಜೆ ನಾಲ್ಕೂವರೆಗೆ ತೊಳೆದು ಒಣಗಿಸಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟೆ. ಅದರ ಕೆಳಗೆ ಮೂಲ ವಸ್ತುವಿನ ಹಳೆಯ ಫಿಲ್ಮು. ಒಂದರ ಮೇಲೊಂದು ಸರಿಸಿದರೆ ಚುಕ್ಕೆಯ ಮೇಲೆ ಚುಕ್ಕೆ ಕೂತವು. ಅಳತೆ ತೆಗೆದೆ, ಚಿಕ್ಕ ಸೆಲ್ ಆರಿಸಿದೆ, ಎರಡು ಸಲ ಲೆಕ್ಕ ಹಾಕಿದೆ. ನೂರಕ್ಕೆ ಒಂದರಷ್ಟು ವ್ಯತ್ಯಾಸ. ರಟ್ಟಿನ ಪ್ರಕಾರ ಹಳೆಯದು. ಎಂದರೆ ಅವನು ಸೀಸೆಗೆ ಹಾಕಿದ್ದೇ ತಿರುಗಿ ಹರಳಾಗಿ ಬಂದಿದೆ, ಏನೂ ನಡೆದಿಲ್ಲ.

ಫಿಲ್ಮು ಎತ್ತುವಾಗ ಕಣ್ಣಿಗೆ ಬಿತ್ತು. ಎರಡನೇ ಸಾಲಿನ ಮೂರನೇ ಚುಕ್ಕೆ ಹಳೆಯ ಫಿಲ್ಮಿನಲ್ಲಿ ಮೆಣಸಿನ ಕಾಳಿನ ಹಾಗೆ ಕಪ್ಪಗಿತ್ತು, ಹೊಸದರಲ್ಲಿ ಹುಡುಕಿದರೆ ಮಾತ್ರ ಕಾಣುವಷ್ಟು ಮಾಸಲು. ಕೆಳಗೆ ಇನ್ನೊಂದು ಕಡೆ ಇದರ ತಿರುಗುಮುರುಗು. ಹೊಸಬರಿಗೆ ಹೇಳಬೇಕು, ಚುಕ್ಕೆಯ ಜಾಗ ಪೆಟ್ಟಿಗೆಯ ಅಳತೆ ಹೇಳುತ್ತದೆ, ಚುಕ್ಕೆಯ ಕಪ್ಪು ಪೆಟ್ಟಿಗೆಯ ಒಳಗೆ ಯಾರಿದ್ದಾರೆ ಎಂದು ಹೇಳುತ್ತದೆ. ಒಂದೇ ಅಳತೆಯ ಎರಡು ಮನೆಯಲ್ಲಿ ಒಂದೇ ಸಂಸಾರ ಇರಬೇಕೆಂದಿಲ್ಲ. ಅದು ನನಗೆ ಗೊತ್ತಿತ್ತು. ಆ ವಿಷಯ ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇದನ್ನು ಇಷ್ಟು ಕಷ್ಟಪಟ್ಟು ಬರೆಯುತ್ತಿರಲಿಲ್ಲ.

ಗಡಿಯಾರ ನೋಡಿದೆ. ಐದು ಹತ್ತು. ಇನ್ನು ಹೊರಡದಿದ್ದರೆ ರೈಲು ತಪ್ಪುತ್ತದೆ, ತಪ್ಪಿದರೆ ಬಸ್‌ಸ್ಟ್ಯಾಂಡಿನ ನೂಕುನುಗ್ಗಲು, ಮನೆಯಲ್ಲಿ ಅತ್ತೆಯ ಮುಖ. ಫಿಲ್ಮು ತೊಳೆಯುವ ರಾಸಾಯನಿಕ ಹಳೆಯದಾಗಿದೆ, ಅದಕ್ಕೇ ಮಾಸಲು ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೆಂದು ನನಗೇ ಗೊತ್ತಿತ್ತು, ರಾಸಾಯನಿಕ ಕೆಟ್ಟರೆ ಎಲ್ಲ ಚುಕ್ಕೆಯೂ ಮಾಸಬೇಕು. ನಾಳೆ ಬೆಳಗ್ಗೆ ಮೇಷ್ಟ್ರಿಗೆ ಹೇಳೋಣ ಎಂದುಕೊಂಡು, ದಾಖಲೆ ಪುಸ್ತಕದಲ್ಲಿ ‘ಹಳೆಯದು’ ಎಂದು ಬರೆದು, ಸಹಿ ಹಾಕಿ, ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು ಓಡಿದೆ. ರೈಲು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಮರುದಿನ ನಾನು ಹೋಗುವಷ್ಟರಲ್ಲಿ ಮೇಷ್ಟ್ರು ಪುಸ್ತಕ ನೋಡಿ ಮಂಜಯ್ಯನನ್ನು ಕರೆಸಿಯಾಗಿತ್ತು. ಅವನು ಮೇಜಿನ ಎದುರು ನಿಂತಿದ್ದ, ಕೈಯಲ್ಲಿ ಇನ್ನೂ ಆ ಸೀಸೆ.

‘ಕರಗೋದು ಬ್ಯಾರೆ ಕಡೆ ಬತ್ತದೆ ಸಾ,’ ಎಂದ. ಅವನು ಎದುರುತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

‘ಥರ್ಮಾಮೀಟ್ರು ಬ್ಯಾರೆ ತಗಳಯ್ಯ. ಹಾಕಿದ್ದೇ ಎತ್ಕಂಡಿದ್ದೀಯ, ಅಷ್ಟೇಯ,’ ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ‘ಏನಮ್ಮ ಭಾಗ್ಯ, ಸರಿಯಾಗ್ ನೋಡಿದ್ದೀಯ ತಾನೆ?’

ಕೇಳಿದರು. ಯಾರೂ ನನ್ನನ್ನು ಕೇಳಲಿಲ್ಲ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ. ಹಳೆಯ ಜಾಮೂನಿನ ಪ್ರಸಂಗ ನೆನಪಾಯಿತು. ಮತ್ತೊಂದು ಸಲ ‘ಹೊಸದು’ ಎಂದು ಬಾಯಿಬಿಟ್ಟು ತಪ್ಪಾದರೆ ಎಂಬ ಅಳುಕು. ಅಲ್ಲದೆ ಸಂಜೆ ಹೇಳದೆ ಹೋದದ್ದು ಯಾಕೆ ಎಂದು ಕೇಳಿದರೆ ಏನು ಹೇಳಲಿ?

‘ಸೆಲ್ ಹೊಂದುತ್ತೆ ಸಾರ್,’ ಎಂದೆ.

ಅದು ನಿಜ. ಒಂದಕ್ಷರ ಸುಳ್ಳಿಲ್ಲ. ಮಂಜಯ್ಯ ನನ್ನ ಮುಖ ನೋಡಿದ, ಆಮೇಲೆ ಸೀಸೆ ನೋಡಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತೂ ಹೋಗಿಯೇ ಹೋಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ನಾಲ್ಕು ತಿಂಗಳು ಕಳೆಯಿತು. ಅವನಿಗೆ ಆ ಹರಳು ಮತ್ತೆ ಬರಲಿಲ್ಲ. ದಿನ ಹೋದ ಹಾಗೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಫೆಲೋಶಿಪ್ಪು ಮುಗಿದ ವಾರ ಪಿಎಚ್.ಡಿ. ಅರ್ಧಕ್ಕೇ ಬಿಟ್ಟು ಹೊರಟ ಅವನು ಒಂದು ಚೀಲ ಸೊಗಡವರೆ ತಂದು ನನ್ನ ಮೇಜಿನ ಕೆಳಗಿಟ್ಟು, ‘ಬತ್ತೀನಿ ಮೇಡಂ. ಸುಮ್ಕೆ ನಿಮ್ಗೆಲ್ಲ ತೊಂದ್ರೆ ಕೊಟ್ಟೆ’ ಎಂದ. ಆ ಅವರೆಕಾಯಿ ಮನೆಗೆ ಒಯ್ದೆ. ಅತ್ತೆ ಸಾರು ಮಾಡಿ, ಸೊಗಡು ಚೆನ್ನಾಗಿದೆ ಎಂದರು. ನಾನು ಬರೀ ಮಜ್ಜಿಗೆ ಅನ್ನ ಉಂಡು ಎದ್ದೆ.

ಹರಳು ಬಿಸಾಕು ಎಂದಿದ್ದರು ಮೇಷ್ಟ್ರು. ನಾನು ಬಿಸಾಕಲಿಲ್ಲ. ಪಿನ್ನನ್ನು ಎಂದಿನಂತೆ ಬಿಸ್ಕತ್ತಿನ ಡಬ್ಬಿಯ ಒಳಗಿದ್ದ ಥರ್ಮಾಕೋಲಿಗೆ ಚುಚ್ಚಿಟ್ಟೆ. ಇದರಲ್ಲಿ ನನ್ನ ದೊಡ್ಡತನವೇನಿಲ್ಲ. ಹಿತ್ತಾಳೆ ಪಿನ್ನು ಅಗ್ಗವಲ್ಲ, ಖಾಲಿ ಪಿನ್ನು ಮುಗಿದಾಗ ಹಳೆಯ ಹರಳನ್ನು ಕೆರೆದು ಅದನ್ನೇ ಮತ್ತೆ ಬಳಸುತ್ತಿದ್ದೆವು. ಅದು ನಮ್ಮ ಲ್ಯಾಬಿನ ಪದ್ಧತಿ. ಈ ಒಂದು ಪಿನ್ನು ಮಾತ್ರ ಕೈಗೆ ಬಂದಾಗಲೆಲ್ಲ ನಾನು ಪಕ್ಕದ್ದನ್ನು ಕಿತ್ತುಕೊಂಡೆ.

ವರ್ಷಗಳು ಹೋದವು. ಫಿಲ್ಮು ಹೋಯಿತು, ಕತ್ತಲೆ ಕೋಣೆ ಸ್ಟೇಷನರಿ ಇಡುವ ಕೋಣೆಯಾಯಿತು. ಫಿಲ್ಮು ತೊಳೆದು ಬೆರಳಿನ ಸಂದಿಗೆ ಹತ್ತಿದ್ದ ಕಂದು ಕಲೆ ಹೋಗಲು ಎರಡು ವರ್ಷ ಬೇಕಾಯಿತು. ಮೇಷ್ಟ್ರು ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ರಟ್ಟು ಮಾತ್ರ ಅವರು ಹೋದ ಮೇಲೂ ಅಲ್ಲೇ ನೇತಾಡುತ್ತಿತ್ತು.

ನನ್ನ ಕೊನೆಯ ವರ್ಷದಲ್ಲಿ ಹೊಸ ಯಂತ್ರ ಬಂತು, ಅದರ ಜೊತೆಗೇ ಶ್ವೇತಾ. ಫ್ರಿಜ್ಜಿನಷ್ಟು ಎತ್ತರದ ಬಿಳಿ ಪೆಟ್ಟಿಗೆ. ಹರಳು ಕೂರಿಸಿದರೆ ಹತ್ತು ನಿಮಿಷಕ್ಕೆ ಸೆಲ್ ಹೇಳುತ್ತದೆ, ಪ್ರಪಂಚದಲ್ಲಿ ಈವರೆಗೆ ದಾಖಲಾದ ಹರಳುಗಳ ಪಟ್ಟಿ ತಾನೇ ತಡಕಿ ಹಳೆಯದೋ ಹೊಸದೋ ಹೇಳುತ್ತದೆ. ನಾನು ಮೂವತ್ತಮೂರು ವರ್ಷ ಮಾಡಿದ್ದನ್ನು ಅದು ಟೀ ಆರುವಷ್ಟರಲ್ಲಿ ಮುಗಿಸುತ್ತಿತ್ತು. ಬೇಸರವೇನಾಗಲಿಲ್ಲ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತೆ. ಯಂತ್ರ ಪಳಗಿಸಲು ಯಾವುದಾದರೂ ಹಳೆಯ ಹರಳಿದ್ದರೆ ಕೊಡಿ ಎಂದಳು ಶ್ವೇತಾ. ಬೀರುವಿನ ತಳದಿಂದ ಬಿಸ್ಕತ್ತು ಡಬ್ಬಿ ತೆಗೆದೆ. ನನ್ನ ಕೈ ನೇರ ಹೋದದ್ದು ಅದೇ ಪಿನ್ನಿಗೆ, ‘ಮಂ-೫’ ಎಂಬ ಚೀಟಿ ಸುತ್ತಿದ್ದಕ್ಕೆ.

ಹತ್ತು ನಿಮಿಷಕ್ಕೆ ಸೆಲ್ ಬಂತು. ಯಂತ್ರ ಅದಕ್ಕೆ ಹೊಂದುವ ಎರಡು ಹಳೆಯ ಹರಳು ತೋರಿಸಿತು. ಹಳೆಯದು, ನಿಲ್ಲಿಸಿಬಿಡಿ ಎಂದು ನನ್ನ ಬಾಯಿ ಅಭ್ಯಾಸಬಲದಿಂದ ಹೇಳಿತು. ಶ್ವೇತಾ ನಕ್ಕು, ಪೂರ್ತಿ ಅಳೆಯಲು ಮೂರೇ ಗಂಟೆ ಸಾಕು ಮೇಡಂ, ಯಾಕೆ ನಿಲ್ಲಿಸಬೇಕು ಎಂದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಅಣುವಿನ ಚಿತ್ರ ಮೂಡಿತು. ಕ್ಲೋರಿನ್ ಇರಬೇಕಾದ ಜಾಗದಲ್ಲಿ ಕ್ಲೋರಿನ್ ಇರಲಿಲ್ಲ. ಮೂರು ಹೈಡ್ರೋಜನ್ ಹೊತ್ತ ಒಂದು ಇಂಗಾಲ ಕೂತಿತ್ತು, ಮಂಜಯ್ಯ ಕೂರಿಸಲು ಹೊರಟದ್ದೇ ಅದು. ಗಾತ್ರ ಹೆಚ್ಚುಕಡಿಮೆ ಕ್ಲೋರಿನ್ನಿನಷ್ಟೇ, ಹಾಗಾಗಿ ಪೆಟ್ಟಿಗೆಯ ಅಳತೆ ಬದಲಾಗಿರಲಿಲ್ಲ. ಯಂತ್ರ ತೋರಿಸಿದ ಎರಡು ಹರಳುಗಳಲ್ಲಿ ಒಂದು ಮೂಲ ವಸ್ತು. ಇನ್ನೊಂದು ಇದೇ ವಸ್ತು, ಬೇರೊಂದು ದೇಶದವರು ಮಾಡಿ ಪ್ರಕಟಿಸಿದ್ದು. ಮಂಜಯ್ಯ ಲ್ಯಾಬು ಬಿಟ್ಟು ಏಳು ವರ್ಷವಾದ ಮೇಲೆ.

ಆ ದಿನವೂ ನಾನು ಐದು ಹತ್ತಕ್ಕೆ ಎದ್ದು ರೈಲಿಗೆ ಹೋದೆ.

ಹಳೆಯ ದಾಖಲೆ ಪುಸ್ತಕಗಳನ್ನು ಗುಜರಿಗೆ ಹಾಕುವಾಗ ಆ ಒಂದನ್ನು, ಆ ಎರಡು ಫಿಲ್ಮನ್ನು ಕೇಳಿ ಮನೆಗೆ ತಂದೆ. ಮಂಜಯ್ಯ ಚನ್ನರಾಯಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಾನೆ ಎಂದು ಗೊತ್ತಿತ್ತು. ಹೋಗಿ ಹೇಳಬೇಕು ಎಂದುಕೊಂಡೇ ಎರಡು ವರ್ಷ ಹೋಯಿತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆಯನ್ನು ನನ್ನಷ್ಟು ದುರುಪಯೋಗ ಮಾಡಿಕೊಂಡವರು ಇರಲಾರರು. ಶ್ವೇತಾ ಬರೆದುಕೊಡಿ ಎಂದಾಗ ಕಾಗದ ಹಿಡಿದು ಕೂತೆ. ಅವನಿಗೆ ಹೇಳದೆ ನಿಮಗೆ ಹೇಳುವುದು ಹೇಗೆ? ಕಳೆದ ತಿಂಗಳು ಹೊಳೆನರಸೀಪುರದಿಂದ ಬಸ್ಸು ಹತ್ತಿದೆ.

ತೆಂಗಿನಕಾಯಿ ಮಾರುಕಟ್ಟೆಯ ಲಾರಿಗಳ ನಡುವೆ ದಾರಿ ಮಾಡಿಕೊಂಡು ಕಾಲೇಜು ತಲುಪಿದಾಗ ಮೂರು ಗಂಟೆ. ಮಂಜಯ್ಯನಿಗೆ, ಇನ್ನು ಅವರು ಎಂದೇ ಬರೆಯುತ್ತೇನೆ, ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಕುರ್ಚಿ ಎಳೆದು, ಟೀ ತರಿಸಿದರು. ಅಧ್ಯಾಪಕರ ಕೊಠಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಚೀಲ ತೆರೆದೆ. ಶ್ವೇತಾ ಮುದ್ರಿಸಿಕೊಟ್ಟ ಅಣುವಿನ ಚಿತ್ರ ಮುಂದಿಟ್ಟೆ, ಪಕ್ಕದಲ್ಲಿ ಎರಡು ಫಿಲ್ಮು ಇಟ್ಟೆ.

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫಿಲ್ಮುಗಳನ್ನು ಎತ್ತಿಕೊಂಡು, ಒಂದರ ಮೇಲೊಂದು ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದರು. ಆ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಫಿಲ್ಮು ಕೊಡುವ ಪದ್ಧತಿ ಇರಲಿಲ್ಲ, ನಾವು ಬರೆದ ಅಂಕಿ ಮಾತ್ರ ಅವರ ಕೈಗೆ ಹೋಗುತ್ತಿತ್ತು. ಅವರು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

‘ಎರಡ್ನೇ ಸಾಲು, ಮೂರ್ನೇದು,’ ಎಂದರು.

ನಾನು ಬೆರಳು ತೋರಿಸಿರಲಿಲ್ಲ.

‘ಅವತ್ತು ನಿಮಗಿದು ಕಂಡಿತ್ತಾ ಮೇಡಂ?’

‘ಕಂಡಿತ್ತು,’ ಎಂದೆ.

‘ಮತ್ಯಾಕೆ ಹೇಳ್ನಿಲ್ಲ?’

‘ರೈಲಿಗೆ ಹೊತ್ತಾಗಿತ್ತು.’

ಇಷ್ಟು ವರ್ಷ ಮನಸ್ಸಿನಲ್ಲಿ ಅದಕ್ಕೆ ಎಷ್ಟೊಂದು ಕಾರಣ ಕಟ್ಟಿದ್ದೆ, ಮೇಷ್ಟ್ರ ಭಯ, ರಟ್ಟು, ರಾಸಾಯನಿಕ. ಬಾಯಿಂದ ಬಂದದ್ದು ಇದೊಂದೇ. ಅವರು ಫಿಲ್ಮು ಕೆಳಗಿಟ್ಟರು. ಸಿಟ್ಟಾಗುತ್ತಾರೆ ಎಂದು ಕಾದೆ, ಆಗಲಿ ಎಂದು ಆಸೆಪಟ್ಟೆ.

‘ಪ್ರತಿ ವರ್ಷ ಹುಡುಗ್ರಿಗೊಂದ್ ಕಥೆ ಹೇಳ್ತೀನಿ ಮೇಡಂ,’ ಎಂದರು ನಿಧಾನವಾಗಿ. ‘ಸೀಸೆಗೆ ಹಾಕಿದ್ದನ್ನೇ ಎತ್ಕಂಡು ಹೊಸದು ಅಂತ ಓಡೋದ ಒಬ್ಬ ದಡ್ಡನ ಕಥೆ. ನಾನೇ ಅಂತ ಕೊನೇಲಿ ಹೇಳ್ತೀನಿ. ಎಲ್ರೂ ನಗ್ತಾರೆ. ನಾನೂವೆ.’

ನನಗೆ ಅಳು ಬಂತು. ಅತ್ತುಬಿಟ್ಟೆ. ವಯಸ್ಸಾದ ಮೇಲೆ ಇದನ್ನು ಮುಚ್ಚಿಡುವ ಶಕ್ತಿಯೂ ಉಳಿಯುವುದಿಲ್ಲ. ಕ್ಷಮಿಸಿ ಎಂದು ಹೇಳಿದೆ, ಅದು ಎಷ್ಟು ಚಿಕ್ಕ ಮಾತು ಎಂದು ಹೇಳುವಾಗಲೇ ತಿಳಿಯಿತು. ಅವರು ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದುದೇ ಒಳ್ಳೆಯದಾಯಿತು. ಟೀ ಕುಡಿಯಿರಿ ಆರುತ್ತೆ ಎಂದರು.

ಆಮೇಲೆ ಚೀಲದಲ್ಲಿದ್ದ ದಾಖಲೆ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಅವರ ಹೆಸರು, ಹರಳಿನ ಅಂಕಿ, ಕೊನೆಯ ಮನೆಯಲ್ಲಿ ನನ್ನ ಅಕ್ಷರದಲ್ಲಿ ‘ಹಳೆಯದು’. ಈ ವಸ್ತುವನ್ನು ಬೇರೆಯವರು ಪ್ರಕಟಿಸಿಯಾಗಿದೆ ಎಂಬುದನ್ನೂ ಹೇಳಿದೆ, ಇನ್ನು ಏನನ್ನೂ ಮುಚ್ಚಿಡುವಂತಿರಲಿಲ್ಲ.

‘ಅಂಗಾರೆ ಇವತ್ತಿಗೆ ನೀವು ಬರ್ದಿದ್ದೇ ಸರಿ ಆಯ್ತು,’ ಎಂದು ನಕ್ಕರು. ನಗು ಬೇಗ ಹೋಯಿತು. ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದಿಟ್ಟರು. ‘ಹೊಡ್ದಾಕಿ ಮೇಡಂ. ಅವತ್ತಿಂದು ಅವತ್ತಿಗೆ ಸರಿ ಇರ್ಲಿ.’

ನಿವೃತ್ತಳಾದವಳು ದಾಖಲೆ ತಿದ್ದುವಂತಿಲ್ಲ. ಗುಜರಿಗೆ ಹೋಗಬೇಕಾಗಿದ್ದ ಪುಸ್ತಕವನ್ನು ಇನ್ನು ಯಾರೂ ನೋಡುವುದೂ ಇಲ್ಲ. ಆದರೂ ಪೆನ್ನು ಎತ್ತಿಕೊಂಡೆ. ‘ಹಳೆಯದು’ ಎಂಬುದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ‘ಈ ದಿನ ಇದು ಹೊಸದಾಗಿತ್ತು’ ಎಂದು ಬರೆದು, ಸಹಿ ಹಾಕಿ, ಕೆಳಗೆ ತಿದ್ದಿದ ದಿನದ ತಾರೀಖು ಹಾಕಿದೆ. ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಒಂದು ಸಾಲು ಓದಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು ಹೊತ್ತು ಓದಿದರು.

ಕಾಲೇಜಿನ ಕೊನೆಯ ಗಂಟೆ ಬಾರಿಸಿತು. ಹೊರಗೆ ಮಕ್ಕಳ ಗದ್ದಲ. ನನ್ನ ಕೈ ಆಗಲೇ ಚೀಲ ಹುಡುಕುತ್ತಿತ್ತು, ಅದನ್ನು ಅವರು ನೋಡಿದರು.

‘ನಿಮ್ ಬಸ್ಸು ಎಷ್ಟೊತ್ತಿಗೆ ಮೇಡಂ?’

‘ಐದಕ್ಕೊಂದಿದೆ,’ ಎಂದೆ. ಗೋಡೆಯ ಗಡಿಯಾರದಲ್ಲಿ ಐದಾಗಲು ಹತ್ತು ನಿಮಿಷವಿತ್ತು. ಚೀಲವನ್ನು ಕುರ್ಚಿಯ ಕೆಳಗಿಟ್ಟೆ. ‘ಅದು ಹೋಗ್ಲಿ ಬಿಡಿ.’

ಅವರು ಎದ್ದು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದು, ಎರಡು ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದು, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

‘ಮೊದ್ಲಿಂದ ಹೇಳಿ,’ ಎಂದರು. ‘ಅವತ್ತು ನಿಮಗೇನೇನ್ ಕಾಣ್ತು?’

ಒಂದೊಂದು ಚುಕ್ಕೆಗೂ ಬೆರಳಿಟ್ಟು ಹೇಳಿದೆ.